ನನ್ನ ಬಿಡಿ ಸರ್

ಪೊನ್ನಂಪೇಟೆಯ ನಮ್ಮ ಬಾಸ್ಕೆಟ್‌ಬಾಲ್ ಕ್ಲಬ್ಬಿಗೆ ನಾನು ಕಾರ್ಯದರ್ಶಿಯಾಗಿ ಹದಿನಾರು ವರ್ಷವಾಯಿತು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮೊದಲ ವರ್ಷ ನಾನೇ ಕೈಯೆತ್ತಿದ್ದೆ, ಆ ತಪ್ಪು ನನ್ನದೇ. ಆಮೇಲೆ ಪ್ರತಿ ಜೂನ್ ತಿಂಗಳ ಸಭೆಯಲ್ಲೂ ಎದ್ದು ನಿಂತು, ಈ ಸಲ ಬೇರೆ ಯಾರಾದರೂ ವಹಿಸಿಕೊಳ್ಳಲಿ, ನನ್ನನ್ನು ಬಿಟ್ಟುಬಿಡಿ ಎಂದು ಕೇಳಿಕೊಂಡಿದ್ದೇನೆ. ಪ್ರತಿ ಸಲವೂ ಅಧ್ಯಕ್ಷರು ನಗುತ್ತಾರೆ. "ಅಯ್ಯೋ, ನೀವೇ ಇರಿ ಬಿಡಿ," ಅನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುವವನೂ ನಾನೇ: ಕಾರ್ಯದರ್ಶಿಯವರು ಸರ್ವಾನುಮತದಿಂದ ಮುಂದುವರಿದರು. ಸರ್ವಾನುಮತ ಅಂದರೆ ನನ್ನೊಬ್ಬನ ಮತ ಕಳೆದು ಉಳಿದದ್ದು.

ಈ 'ಬಿಡಿ' ಅನ್ನುವ ಮಾತಿನ ಬಗ್ಗೆ ಒಂದಿಷ್ಟು ಹೇಳಲೇಬೇಕು. ನಾನು ಉತ್ತರ ಕೊಡಗಿನವನು, ಶನಿವಾರಸಂತೆ ಕಡೆಯವನು. ನಮ್ಮ ಕಡೆ ಮಾತಿನ ಕೊನೆಗೆ ಬಿಡಿ ಸೇರಿಸದಿದ್ದರೆ ಮಾತು ಮುಗಿದ ಹಾಗೇ ಅಲ್ಲ. ಮಳೆ ಬರುತ್ತೆ ಬಿಡಿ. ಊಟ ಆಯ್ತು ಬಿಡಿ. ಅವನು ಒಳ್ಳೆಯವನೇ ಬಿಡಿ. ಇದರಲ್ಲಿ ಯಾರೂ ಯಾರನ್ನೂ ಬಿಡುವುದಿಲ್ಲ, ಹಿಡಿಯುವುದೂ ಇಲ್ಲ. ಎದುರಿನವರಿಗೆ ಸಮಾಧಾನವಾಗಲಿ ಅಂತ ಒಂದು ಮಾತು, ಅಷ್ಟೆ. ನಮ್ಮ ಅಧ್ಯಕ್ಷರು ಕೊಡವರು, ಹುದಿಕೇರಿ ಹತ್ತಿರ ದೊಡ್ಡ ಕಾಫಿ ಎಸ್ಟೇಟಿನ ಸಾಹುಕಾರರು. ಆದರೆ ಮೈಸೂರಿನಲ್ಲಿ ಓದಿದವರಾದ್ದರಿಂದ ಅವರಿಗೂ ಈ ಚಟ ಅಂಟಿದೆ.

ನನ್ನ ಹೊಟ್ಟೆಪಾಡು ಸರ್ಕಾರಿ ಕಚೇರಿಯಲ್ಲಿ. ಅಲ್ಲಿ ಆರು ದಿನ. ಏಳನೆಯ ದಿನ ಈ ಕ್ಲಬ್ಬು. ಸಿಮೆಂಟ್ ಕೋರ್ಟಿಗೆ ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಮಳೆ ಬಿಟ್ಟ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಬೇಕು. ರಿಂಗಿಗೆ ಬಲೆ ಕಟ್ಟಿಸಬೇಕು. ಮಡಿಕೇರಿಗೆ, ಮೈಸೂರಿಗೆ ಟೀಮ್ ಕರೆದುಕೊಂಡು ಹೋಗಬೇಕು. ಹಾಕಿಯೊಂದನ್ನು ಬಿಟ್ಟರೆ ಬೇರೆ ಆಟವೇ ಇಲ್ಲ ಅಂದುಕೊಂಡಿರುವ ಜಿಲ್ಲೆಯಲ್ಲಿ ಬಾಸ್ಕೆಟ್‌ಬಾಲ್ ನೋಡಲು ಜನ ಬರುವಂತೆ ಮಾಡಬೇಕು. ನನ್ನ ಹೆಂಡತಿ ಒಮ್ಮೆ ಗೋಡೆಯ ಕ್ಯಾಲೆಂಡರ್ ತೆಗೆದು ಭಾನುವಾರಗಳ ಸಾಲನ್ನೇ ಕತ್ತರಿಯಿಂದ ಕತ್ತರಿಸಿ ನನ್ನ ಕೈಗಿಟ್ಟಳು. "ತಗೊಳ್ಳಿ, ಇದು ಹೇಗೂ ನಮ್ಮ ಮನೇದಲ್ಲ," ಅಂದಳು. ಜಗಳವಾಡಲು ನನಗೆ ಮುಖವಿರಲಿಲ್ಲ. ಕೆಂಪು ಅಕ್ಷರದ ಆ ಚೀಟಿ ಈಗಲೂ ನಡಾವಳಿ ಪುಸ್ತಕದಲ್ಲೇ ಇದೆ.

ಜನ ಬರುವಂತೆ ಮಾಡಿದ್ದು ನಾನಲ್ಲ, ನಮ್ಮ ಒಬ್ಬ ಆಟಗಾರ. ಎತ್ತರ ಹೇಳಿಕೊಳ್ಳುವಂಥದ್ದಲ್ಲ. ಓಡುವಾಗ ಎಡಗಾಲು ಸ್ವಲ್ಪ ಎಳೆಯುತ್ತಾನೆ. ಆದರೆ ಕೋರ್ಟಿನ ಎಡ ಮೂಲೆಯಲ್ಲಿ ಬಾಲು ಅವನ ಕೈಗೆ ಸಿಕ್ಕಿತೋ, ನೋಡುವವರು ರಿಂಗಿನ ಕಡೆಗೇ ಕಣ್ಣು ಹಾಕುವುದಿಲ್ಲ. ಸ್ಕೋರ್ ಬೋರ್ಡ್ ಕಡೆ ತಿರುಗುತ್ತಾರೆ. ನಮ್ಮ ಟೀಮ್ ಒಂದು ಪಂದ್ಯದಲ್ಲಿ ಹಾಕುವ ಪಾಯಿಂಟಿನಲ್ಲಿ ಅರ್ಧ ಅವನದು. ಸಾಹುಕಾರರು ಅವನ ಆಟ ಮೆಚ್ಚಿ ತಮ್ಮ ಎಸ್ಟೇಟಿನಲ್ಲೇ ರೈಟರ್ ಕೆಲಸ ಕೊಟ್ಟಿದ್ದರು. ರೈಟರ್ ಅಂದರೆ ಬೆಳಗಾಗೆದ್ದು ಲೈನುಮನೆಗಳ ಆಳುಗಳ ಹಾಜರಿ ಹಿಡಿದು, ತೋಟದಲ್ಲಿ ಯಾರು ಯಾವ ಬ್ಲಾಕಿಗೆ ಅಂತ ಕಳಿಸಿ, ಸಂಜೆ ಲೆಕ್ಕ ಬರೆದು ಮುಗಿಸುವವನು. ಇರಲು ಎಸ್ಟೇಟಿನಲ್ಲೇ ಒಂದು ಕ್ವಾರ್ಟರ್ಸು. ರಜೆ ಭಾನುವಾರ ಒಂದೇ, ಅದು ನಮ್ಮದು. ಅವನ ಮನೆಮಾತು ಕೊಡವ ತಕ್ಕ್. ಕನ್ನಡ ಶಾಲೆಯಲ್ಲಿ ಕಲಿತದ್ದು. ಎಣಿಸಿದ ಹಾಗೆ ನಾಲ್ಕು ಮಾತಾಡುತ್ತಿದ್ದ. ಮಾತು ಕಡಿಮೆಯಾದವರನ್ನು ನಾವು ಬೇಗ ಸಾಧು ಅಂದುಬಿಡುತ್ತೇವೆ. ನಾನೂ ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದಿನ ಮಾತು. ನಮ್ಮಲ್ಲಿ ಆಟಗಾರರು ಕ್ಲಬ್ಬಿನ ಫಾರ್ಮಿಗೆ ಸಹಿ ಹಾಕಿದರೆ ಎರಡು ಸೀಸನ್ ಆ ಕ್ಲಬ್ಬಿಗೇ. ಅವನ ಎರಡು ವರ್ಷ ಮುಗಿದಿತ್ತು. ಮತ್ತೆ ಸಹಿ ಹಾಕಿಸಿಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆ ಏಳುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಎಬ್ಬಿಸಿದವರು ನಮ್ಮ ಕೋಚ್. ಮಿಲಿಟರಿಯಿಂದ ನಿವೃತ್ತರಾಗಿ ಬಂದವರು, ಮೀಸೆ ಬೆಳ್ಳಗಾದರೂ ಸೀಟಿಯ ಶಬ್ದ ಸಣ್ಣದಾಗಿಲ್ಲ.

"ಅವನು ಬೇಡ," ಅಂದರು ನನ್ನ ಹತ್ತಿರ. "ಬಾಲ್ ಅವನ ಕೈಗೆ ಹೋದ ಕೂಡಲೇ ಉಳಿದ ನಾಲ್ಕು ಜನ ಟಿಕೆಟ್ ತಗೊಂಡವರ ಹಾಗೆ ನಿಂತ್ಕೊಂಡು ನೋಡ್ತಾರೆ. ಡಿಫೆನ್ಸಿಗೆ ವಾಪಸ್ ಬರಲ್ಲ ಅವನು. ಇನ್ನೆರಡು ವರ್ಷ ಇವನೇ ಇದ್ರೆ ಹೊಸಬರು ಒಬ್ರೂ ಶೂಟ್ ಮಾಡೋದು ಕಲಿಯಲ್ಲ."

"ಅವನಿಲ್ಲದಿದ್ರೆ ಸೋಲ್ತೀವಲ್ಲ ಸರ್," ಅಂದೆ.

"ಸೋಲೋಣ. ಸೋತಾದ್ರೂ ಕಲೀಲಿ."

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ನನಗೆ ಸಿಟ್ಟು ಬಂತು. ಆ ವಾರ ಸೀಸನ್ನಿನ ಕೊನೆಯ ಪಂದ್ಯ. ಗೆದ್ದೆವು. ಎಲ್ಲರೂ ಜೀಪು ಹತ್ತುತ್ತಿದ್ದಾಗ ಅವನು ಕೋರ್ಟಿನ ಅಂಚಿನ ಕಟ್ಟೆಯ ಮೇಲೆ ಕೂತು ಶೂ ಬಿಚ್ಚುತ್ತಿದ್ದ. ಪಕ್ಕ ಹೋಗಿ ಕೂತೆ. ಮುಚ್ಚುಮರೆ ಯಾಕೆಂದು ಇದ್ದದ್ದನ್ನು ಹೇಳಿದೆ: ಕೋಚ್ ನಿನ್ನ ವಿರುದ್ಧ ಇದ್ದಾರೆ, ಮುಂದಿನ ತಿಂಗಳು ಸಭೆ ಇದೆ, ನಿನ್ನ ಮನಸ್ಸಿನಲ್ಲಿ ಏನಿದೆ ಹೇಳಪ್ಪ.

ಅವನು ಶೂ ಒಳಗಿನ ಮರಳನ್ನು ಕೊಡವಿದ. ತಲೆ ಎತ್ತಲಿಲ್ಲ.

"ನನ್ನ ಬಿಡಿ ಸರ್," ಅಂದ.

ನನ್ನ ಕಣ್ಣಲ್ಲಿ ನೀರೇ ಬಂತು. ಎಂಥ ಹುಡುಗ ಅನ್ನಿಸಿತು. ನನ್ನ ವಿಷಯ ಬಿಡಿ, ಟೀಮಿಗೆ ಯಾವುದು ಒಳ್ಳೆಯದೋ ಅದನ್ನು ನೋಡಿ ಅನ್ನುತ್ತಿದ್ದಾನೆ! ನಮ್ಮ ಕಡೆ ದೊಡ್ಡ ಮನಸ್ಸಿನವರು ಹಾಗೇ ಅನ್ನುವುದು. ಬೆನ್ನು ತಟ್ಟಿದೆ. "ನಿನ್ನ ಬಿಡೋದಾ? ನಾನಿರೋ ತನಕ ಆಗಲ್ಲ," ಅಂದೆ.

"ಇಲ್ಲ ಸರ್. ನನ್ನ ಬಿಡಿ," ಅಂದ ಇನ್ನೊಮ್ಮೆ. ದನಿ ಸಣ್ಣದಾಗಿತ್ತು.

"ಸುಮ್ನಿರು," ಅಂದೆ, ಪ್ರೀತಿಯಿಂದ.

ಸಭೆಯಲ್ಲಿ ನಾನು ಆಡಿದ ಮಾತು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅಷ್ಟು ವರ್ಷ ಬರೆದುಕೊಳ್ಳುವುದಷ್ಟೇ ಗೊತ್ತಿದ್ದ ಕಾರ್ಯದರ್ಶಿ ಅವತ್ತು ಎದ್ದು ನಿಂತು ಕಾಲು ಗಂಟೆ ಮಾತಾಡಿದ. ಸ್ಕೋರ್ ಶೀಟುಗಳನ್ನು ಮೇಜಿನ ಮೇಲೆ ಹರಡಿದ. ಅವನ ಆಟ ನೋಡಲಿಕ್ಕೇ ಜನ ಬರುವುದು, ಜನ ಬಂದರೇ ಕ್ಲಬ್ಬು, ಇಂಥವನನ್ನು ಬಿಟ್ಟರೆ ನಾಳೆ ನಮ್ಮ ಮುಖ ನಾವೇ ನೋಡಿಕೊಳ್ಳುವ ಹಾಗಿಲ್ಲ ಅಂದ. "ಅವನಾಗಿ ಅವನು ಏನಂದ ಗೊತ್ತಾ? ನನ್ನ ಬಿಡಿ ಅಂದ. ಅಂಥ ಮನುಷ್ಯ ಅವನು!" ಅಂದಾಗ ಅಧ್ಯಕ್ಷರು ತಲೆದೂಗಿದರು. ಕೋಚ್ ಒಬ್ಬರು ಮಾತ್ರ ನನ್ನನ್ನು ಒಂದು ಥರ ನೋಡಿ, "ಬಿಡಿ ಅಂದ್ನಾ? ಮತ್ತೆ ಬಿಡಬಹುದಲ್ಲ," ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾರನೆಯ ದಿನ ಕಚೇರಿಗೆ ಅರ್ಧ ದಿನ ರಜೆ ಹಾಕಿ, ಫಾರ್ಮನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಸ್ಕೂಟರಿನಲ್ಲಿ ಹುದಿಕೇರಿಗೆ ಹೋದೆ. ಅವನು ಲೈನಿನ ಮುಂದೆ ನಿಂತು ಹಾಜರಿ ಕೂಗುತ್ತಿದ್ದ. ಮುಗಿಯುವ ತನಕ ಕಾದೆ. ಫಾರ್ಮ್ ಕೈಗೆ ಕೊಟ್ಟು, ನಿನಗಾಗಿ ನಾನು ಹೇಗೆ ವಾದ ಮಾಡಿದೆ ಅಂತ ಇಡೀ ಕಥೆ ಹೇಳಿದೆ. ಅವನು ಫಾರ್ಮನ್ನೇ ನೋಡುತ್ತ ನಿಂತ.

"ಎರಡು ವರ್ಷಾನಾ ಸರ್?"

"ಎರಡು ವರ್ಷ! ಒಂದಲ್ಲ," ಅಂದೆ.

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಹಾಜರಿ ಪುಸ್ತಕವನ್ನೇ ಅಡಿಗಿಟ್ಟುಕೊಂಡು, ಹಾಜರಿ ಬರೆಯುವ ಪೆನ್ನಿನಲ್ಲೇ ಸಹಿ ಹಾಕಿದ. ಕಾಫಿ ಕುಡಿದು ಹೋಗಿ ಸರ್ ಅಂದ. ಸಕ್ಕರೆ ಜಾಸ್ತಿಯಾಗಿತ್ತು. ಹೇಳಲಿಲ್ಲ, ಕುಡಿದೆ.

ಆ ಸೀಸನ್ ಚೆನ್ನಾಗಿ ಹೋಯಿತು. ಜನವರಿಯಲ್ಲಿ ಕಚೇರಿಯ ಕೆಲಸದ ಮೇಲೆ ನನ್ನನ್ನು ಎರಡು ದಿನ ಭಾಗಮಂಡಲಕ್ಕೆ ಹಾಕಿದರು. ಅಲ್ಲಿನ ಶಾಲೆಯಲ್ಲಿ ಕೂತು ಮತದಾರರ ಪಟ್ಟಿಗಳನ್ನು ತಾಳೆ ನೋಡುವ ಕೆಲಸ. ನಮ್ಮ ಆಟಗಾರನ ಹೆಂಡತಿ ಅದೇ ಶಾಲೆಯಲ್ಲಿ ಟೀಚರ್ ಎಂಬುದು ಅವರೇ ಬಂದು ಪರಿಚಯ ಹೇಳಿಕೊಂಡಾಗಲೇ ನನಗೆ ಗೊತ್ತಾದದ್ದು. ಮದುವೆಯಾಗಿದೆ ಅಂತ ಗೊತ್ತಿತ್ತು. ಎಲ್ಲಿದ್ದಾರೆ ಅಂತ ನಾನು ಕೇಳಿದವನಲ್ಲ. ಅವನು ಮೂಲೆಯಿಂದ ಎಷ್ಟು ಹಾಕಿದ, ಫ್ರೀ ಥ್ರೋ ಎಷ್ಟು ತಪ್ಪಿಸಿದ ಎಲ್ಲ ನನ್ನ ಬಾಯಲ್ಲಿತ್ತು.

ಸಂಜೆ ಟೀ ಕುಡಿಯಲು ಮನೆಗೆ ಕರೆದರು. ಶಾಲೆಯ ಹಿಂದೆಯೇ ಬಾಡಿಗೆ ಮನೆ. ಮೂರು ವರ್ಷದ ಮಗಳು ಬಾಗಿಲ ಹಿಂದೆ ನಿಂತು ಇಣುಕುತ್ತಿದ್ದಳು. ಗೋಡೆಯ ಮೇಲೆ ಟೀಮಿನ ಫೋಟೋ ಇತ್ತು. ನಾನು ಅವಳನ್ನು ಮಾತಿಗೆಳೆಯಲು, ಟ್ರೋಫಿ ಹಿಡಿದು ನಿಂತ ಅವಳಪ್ಪನ ಮೇಲೆ ಬೆರಳಿಟ್ಟು, "ಇದ್ಯಾರು ಪುಟ್ಟಿ?" ಅಂದೆ.

"ಅಂಕಲ್," ಅಂದಳು.

ತಾಯಿ ತಕ್ಷಣ ಅವರ ಭಾಷೆಯಲ್ಲಿ ಏನೋ ಹೇಳಿ ತಿದ್ದಿದರು. ಮಗು ನನ್ನನ್ನೂ ಫೋಟೋವನ್ನೂ ನೋಡಿ ಒಳಗೆ ಓಡಿತು.

"ಹಾಗೇನಿಲ್ಲ ಸರ್, ಗೊತ್ತು ಅವಳಿಗೆ," ಅಂದರು ಟೀಚರ್. "ಬರೋದು ಅಪರೂಪ ಅಲ್ವಾ, ಬಂದವರನ್ನೆಲ್ಲ ಅಂಕಲ್ ಅನ್ನೋದು ಅಭ್ಯಾಸ ಆಗಿದೆ." ಟೀ ಲೋಟ ನನ್ನ ಮುಂದಿಟ್ಟರು. ಆಮೇಲೆ ಜಗಳಕ್ಕಲ್ಲ ಎಂಬಂತೆ ಮೆತ್ತಗೆ ಕೇಳಿದರು: "ಹೋದ ವರ್ಷ ಇಲ್ಲೇ ಸೊಸೈಟೀಲಿ ಅವರಿಗೆ ಕೆಲಸ ಇತ್ತು ಸರ್. ಜೂನ್ ಒಳಗೆ ಸೇರ್ಬೇಕಿತ್ತು. ನಿಮ್ಮ ಹತ್ರ ಕೇಳಿದ್ರಂತಲ್ಲ, ನನ್ನ ಬಿಡಿ ಅಂತ. ಎರಡು ಸಲ ಕೇಳಿದ್ರಂತೆ. ನೀವು ಇರೋ ತನಕ ಬಿಡಲ್ಲ ಅಂದ್ರಂತೆ."

ಟೀ ಲೋಟವನ್ನು ಕೆಳಗಿಟ್ಟೆ.

"ಸಹಿ ಹಾಕದೆ ಬರಬಹುದಿತ್ತಲ್ಲಮ್ಮ," ಅಂದೆ ಹೇಗೋ.

"ಸಾಹುಕಾರ್ರು ಕೆಲಸ ಕೊಟ್ಟಿದ್ದೇ ಆಟಕ್ಕೆ ಅಲ್ವಾ ಸರ್. ಕ್ಲಬ್ಬಿನವರು ಬಿಟ್ರೆ ಮಾತ್ರ ಬರ್ತೀನಿ, ಇಲ್ಲದಿದ್ರೆ ಮರ್ಯಾದೆ ಅಲ್ಲ ಅಂದ್ರು. ಅದರ ಮೇಲೆ ನೀವೇ ಎಸ್ಟೇಟ್ ತನಕ ಫಾರ್ಮ್ ತಗೊಂಡು ಹೋಗಿದ್ರಿ."

ಸೊಸೈಟಿಯ ಕೆಲಸ ಏನಾಯಿತು ಅಂತ ಕೇಳಿದೆ. ಆಗಲೇ ಬೇರೆಯವರು ಸೇರಿಯಾಗಿತ್ತು.

ಮಡಿಕೇರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಆ ಎರಡು ಮಾತನ್ನು ತಿರುವಿ ಹಾಕುತ್ತಲೇ ಇದ್ದೆ. ಅವನ ಕನ್ನಡದಲ್ಲಿ ಬಿಡಿ ಅಂದರೆ ಬಿಡಿ. ಅಷ್ಟೇ ಅರ್ಥ. ನನ್ನ ಕನ್ನಡದಲ್ಲಿ ಅದಕ್ಕೆ ಹತ್ತು ಅರ್ಥ, ಆ ಹತ್ತರಲ್ಲಿ ಅವನದೊಂದೇ ಇರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು. ವರ್ಷ ವರ್ಷವೂ ಬಿಟ್ಟುಬಿಡಿ ಅಂತ ಬೇಡಿ, ನಗುವನ್ನೇ ಉತ್ತರವಾಗಿ ಪಡೆದವನು ನಾನು. ಆ ಮಾತು ಕಿವಿಗೆ ಬಿದ್ದಾಗ ಬೇರೆ ಯಾರಿಗೂ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು.

ಮುಂದಿನ ಭಾನುವಾರ ಅವನನ್ನು ಕೋರ್ಟಿನ ಹಿಂದಕ್ಕೆ ಕರೆದೆ. ತಪ್ಪು ನನ್ನದು ಅಂತ ಹೇಳಲು ಹೋದವನು, ನಮ್ಮಂಥವರ ಬುದ್ಧಿ ನೋಡಿ, ಅವನನ್ನೇ ಬೈದೆ. "ಬಾಯಿ ಬಿಟ್ಟು ಹೇಳಬಾರದಿತ್ತೇನೋ?"

"ಹೇಳಿದ್ನಲ್ಲ ಸರ್," ಅಂದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬಾಲು ಎತ್ತಿಕೊಂಡು ಪ್ರಾಕ್ಟೀಸಿಗೆ ಹೋದ.

ಅಧ್ಯಕ್ಷರ ಬಂಗಲೆಗೂ ಹೋಗಿ ಹೇಳಿದೆ. ಪೂರ್ತಿ ಕೇಳಿದರು. ಕೆಟ್ಟವರಲ್ಲ ಅವರು, ಆದರೆ ತಮ್ಮ ಎಸ್ಟೇಟಿನಿಂದ, ತಮ್ಮ ಟೀಮಿನಿಂದ ಒಬ್ಬನಿಗೆ ಹೊರಗೆ ಹೋಗಬೇಕು ಅನ್ನಿಸಬಹುದು ಎಂಬುದೇ ಅವರಿಗೆ ಹೊಳೆಯುವುದಿಲ್ಲ. "ಸಹಿ ಹಾಕಿದಾನಲ್ಲ. ಸೀಸನ್ ಮುಗೀಲಿ ಬಿಡಿ, ನೋಡೋಣ," ಅಂದರು. ಆ ಸೀಸನ್ ಮುಗಿಯಿತು. ಇನ್ನೊಂದು ಬಾಕಿ ಇತ್ತು. ಅದೂ ಶುರುವಾಯಿತು.

ಆ ಎರಡನೆಯ ಸೀಸನ್ ಇದ್ದಷ್ಟು ಉದ್ದ ಇನ್ಯಾವುದೂ ಇರಲಿಲ್ಲ. ಪ್ರತಿ ಭಾನುವಾರ ನಾನು ಸ್ಕೋರ್ ಟೇಬಲ್ಲಿನಲ್ಲಿ, ಅವನು ಎಡ ಮೂಲೆಯಲ್ಲಿ. ಬಾಲು ಬಲೆಯೊಳಗೆ ಬೀಳುತ್ತಿತ್ತು, ಜನ ಎದ್ದು ಕೂಗುತ್ತಿದ್ದರು, ನಾನು ಅವನ ನಂಬರಿನ ಮುಂದೆ ಪಾಯಿಂಟಿನ ಗೆರೆ ಎಳೆಯುತ್ತಿದ್ದೆ. ಈಗ ಬಸ್ಸು ಹತ್ತಿದ್ದರೆ ಮಧ್ಯಾಹ್ನದೊಳಗೆ ಮಗಳ ಹತ್ತಿರ ಇರುತ್ತಿದ್ದ ಎಂಬ ಲೆಕ್ಕ ತಲೆಯೊಳಗೆ ನಡೆಯುತ್ತಿತ್ತು. ಒಮ್ಮೆಯಾದರೂ ಕೆಟ್ಟದಾಗಿ ಆಡಬಾರದೇ ಈ ಮನುಷ್ಯ, ಕೋಚ್ ಬೆಂಚಿನಲ್ಲಿ ಕೂರಿಸಿದರೆ ಕೈ ಬಿಡಲು ಒಂದು ಕಾರಣ ಸಿಗುತ್ತಲ್ಲ ಅಂತ ಬೇಡಿಕೊಂಡೆ. ನಮ್ಮದೇ ಟೀಮು ಸೋಲಲಿ ಅಂತ ಕಾರ್ಯದರ್ಶಿಯೇ ಹರಸಿಕೊಳ್ಳುವುದು! ಅವನು ಕೆಟ್ಟದಾಗಿ ಆಡಲಿಲ್ಲ. ಅವನಿಗೆ ಅದು ಬರುತ್ತಲೇ ಇರಲಿಲ್ಲ.

ಈ ವರ್ಷದ ಜೂನ್ ಬಂತು. ಅದೇ ಮೇಜು, ಅದೇ ಪುಸ್ತಕ, ಅದೇ ಪ್ರಶ್ನೆ: ಮತ್ತೆ ಎರಡು ವರ್ಷಕ್ಕೆ ಸಹಿ ಹಾಕಿಸಿಕೊಳ್ಳುವುದೋ? ಕೋಚ್ ಬೇಡ ಅಂದರು, ಹಳೆಯ ಕಾರಣಗಳನ್ನೇ ಹೇಳಿದರು. ಅಧ್ಯಕ್ಷರು ಕೈಯಾಡಿಸಿದರು. "ಅವನನ್ನೇ ಕೇಳಿದ್ರೆ ಆಯ್ತಲ್ಲ, ಹೊರಗೇ ಇದಾನೆ," ಅಂತ ಕರೆಸಿದರು.

ಅವನು ಬಂದು ಬಾಗಿಲ ಹತ್ತಿರ ನಿಂತ. ಕೂತುಕೋ ಅಂದರೂ ಕೂರಲಿಲ್ಲ.

"ಏನಪ್ಪ, ಇರ್ತೀಯ ತಾನೇ?" ಅಂದರು ಅಧ್ಯಕ್ಷರು, ನಗುತ್ತಲೇ. ಆ ಕೇಳುವಿಕೆಯಲ್ಲಿ ಇಲ್ಲ ಅನ್ನಲು ಜಾಗವೇ ಇರಲಿಲ್ಲ.

ಅವನು ಅವರ ಮುಖ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. "ಸರ್ ಹೇಗೆ ಹೇಳ್ತಾರೋ ಹಾಗೆ," ಅಂದ.

ಎಲ್ಲರೂ ನನ್ನನ್ನೇ ನೋಡಿದರು. ಅವನನ್ನು ಬಿಡಿ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. ಆ ಮಾತಿನ ಮೇಲೆ ನನಗೆ ನಂಬಿಕೆ ಹೋಗಿತ್ತು.

"ಅವನಿಗೆ ಹೋಗಬೇಕು ಸರ್," ಅಂದೆ. "ಭಾಗಮಂಡಲಕ್ಕೆ. ಹೆಂಡತಿ ಮಗಳು ಅಲ್ಲಿದ್ದಾರೆ. ಎರಡು ವರ್ಷದ ಹಿಂದೆಯೇ ಕೇಳಿದ್ದ. ನಾನು ತಪ್ಪು ತಿಳ್ಕೊಂಡೆ."

"ಹೌದೇನಪ್ಪ?"

"ಹೌದು ಸರ್," ಅಂದ ಅವನು. ಅಧ್ಯಕ್ಷರ ಮುಂದೆ ಅಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಧ್ಯಕ್ಷರಿಗೆ ಇರಿಸುಮುರಿಸಾಯಿತು. ಎಲ್ಲರೆದುರು ಹೀಗೆ ಮಾತು ಬಂದದ್ದು ಅವರಿಗೆ ಹಿಡಿಸಲಿಲ್ಲ. ಕಾಫಿ ಲೋಟ ಎತ್ತಿಕೊಂಡು, ಇದನ್ನು ಆಮೇಲೆ ಮನೆಯಲ್ಲಿ ಮಾತಾಡಿಕೊಳ್ಳೋಣ, ಈಗ ಮುಂದಿನ ವಿಷಯಕ್ಕೆ ಹೋಗೋಣ ಎಂಬ ಅರ್ಥದಲ್ಲಿ, ನಮ್ಮ ಕಡೆಯವರು ಅನ್ನುವ ಹಾಗೆಯೇ ಅಂದರು: "ಹೋಗಲಿ ಬಿಡಿ."

ಅರ್ಥ ನನಗೆ ಚೆನ್ನಾಗಿಯೇ ಗೊತ್ತಿತ್ತು. ನನಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಪೆನ್ನಿನ ಮುಚ್ಚಳ ತೆಗೆದು ಬರೆದೆ. ಬರೆದು, ಯಾರೂ ಕೇಳದಿದ್ದರೂ, ಎದ್ದು ನಿಂತು ಗಟ್ಟಿಯಾಗಿ ಓದಿದೆ: "ಸದರಿ ಆಟಗಾರರ ಕೋರಿಕೆಯಂತೆ ಅವರನ್ನು ಕ್ಲಬ್ಬಿನಿಂದ ಬಿಡಲು ಅಧ್ಯಕ್ಷರು ಒಪ್ಪಿಗೆ ನೀಡಿದರು."

"ನಾನು ಯಾವಾಗ್ರೀ ಹಾಗಂದೆ?"

"ಈಗಷ್ಟೇ ಅಂದ್ರಲ್ಲ ಸರ್. ಹೋಗಲಿ, ಬಿಡಿ ಅಂತ."

ಕೋಚ್ ಗಂಟಲು ಸರಿಮಾಡಿಕೊಂಡರು. "ನಾನೂ ಕೇಳಿಸ್ಕೊಂಡೆ," ಅಂದರು.

ಅಧ್ಯಕ್ಷರು ನನ್ನನ್ನು ದಿಟ್ಟಿಸಿ ನೋಡಿದರು. ಪುಸ್ತಕವನ್ನು ಅವರ ಮುಂದಿಟ್ಟು ಹಿಂದೆ ಸರಿದೆ. ಅವರು ಅದನ್ನು ಒಮ್ಮೆ ಓದಿದರು. ಬಾಗಿಲ ಹತ್ತಿರ ನಿಂತವನನ್ನು ಒಮ್ಮೆ ನೋಡಿದರು. ಏನನ್ನಿಸಿತೋ, ಸಹಿ ಹಾಕಿದರು.

"ಬರ್ತೀನಿ ಸರ್," ಅಂದ ಅವನು ನನ್ನ ಹತ್ತಿರ ಬಂದು. ಹೊರಡುವಾಗ ಎಲ್ಲರೂ ಹೇಳುವ ಮಾತೇ ಅದು. ಆದರೂ ನನ್ನ ಕಿವಿ ಅದನ್ನು ಅಕ್ಷರಶಃ ಹಿಡಿಯಿತು.

"ಬರಬೇಡ," ಅಂದೆ. ಅವನು ನಕ್ಕ. ನಾಲ್ಕು ವರ್ಷದಲ್ಲಿ ಅವನು ಹಾಗೆ ನಕ್ಕಿದ್ದನ್ನು ನೋಡಿರಲಿಲ್ಲ. ಸೊಸೈಟಿಯ ಕೆಲಸವಂತೂ ಇಲ್ಲ. ಈಗ ಭಾಗಮಂಡಲದ ಒಂದು ಲಾಡ್ಜಿನಲ್ಲಿ ಯಾತ್ರಿಗಳಿಗೆ ರೂಮು ತೋರಿಸುತ್ತಾನಂತೆ. ಅದು ಅವನ ಯೋಗ್ಯತೆಗೆ ಕಡಿಮೆಯ ಕೆಲಸ. ಆ ವ್ಯತ್ಯಾಸಕ್ಕೆ ನಾನೇ ಹೊಣೆ, ಬೇರೆ ಯಾರೂ ಅಲ್ಲ.

ಅವತ್ತು ಸಭೆಯ ಕೊನೆಯ ವಿಷಯ ಪದಾಧಿಕಾರಿಗಳ ಆಯ್ಕೆ. ಪ್ರತಿ ವರ್ಷದ ಹಾಗೆ ಎದ್ದು ನಿಂತೆ. ಹೆಂಡತಿ ಕೊಟ್ಟ ಭಾನುವಾರಗಳ ಚೀಟಿ ಪುಟಗಳ ನಡುವಿನಿಂದ ಇಣುಕುತ್ತಿತ್ತು. "ಈ ಸಲ ನನ್ನನ್ನೂ," ಅಂತ ಶುರು ಮಾಡಿದೆ.

ಈ ಸಲ ಅಧ್ಯಕ್ಷರು ನಗಲಿಲ್ಲ. ಪೆನ್ನನ್ನು ನನ್ನ ಕಡೆ ತಳ್ಳಿದರು.

"ನೀವು ಇಲ್ಲೇ ಇರ್ತೀರಿ. ಬರ್ಕೊಳ್ಳಿ."

ಕೊನೆಗೆ ಬಿಡಿ ಅನ್ನಲಿಲ್ಲ. ಬರೆದುಕೊಂಡೆ.